ಬ್ರೇಕ್ ಮೇಷ್ಟ್ರು ವಿಮಾನ ಕಲಿತದ್ದು

ಕಾರು ಕಲಿಸುವ ಮೇಷ್ಟ್ರಿಗೆ ಊರೇ ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಎದುರಿಗೆ ಇರುವೆ ಬಂದರೂ ಸಾಕು, "ಬ್ರೇಕ್! ಬ್ರೇಕ್!" ಎಂದು ಶಿಷ್ಯರ ಕಿವಿಯ ಹತ್ತಿರ ಗಂಟಲು ಹರಿದುಕೊಳ್ಳುತ್ತಿದ್ದರು. ಅವರು ಕಲಿಸುತ್ತಿದ್ದ ಮೈದಾನದ ಬೇಲಿಯಾಚೆಗೇ ವಿಮಾನ ತರಬೇತಿ ಶಾಲೆ. ಸಣ್ಣ ವಿಮಾನವೊಂದು ಮೇಲೆದ್ದಾಗಲೆಲ್ಲ ಮೇಷ್ಟ್ರು ಪಾಠ ಮರೆತು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅಷ್ಟರಲ್ಲಿ ಶಿಷ್ಯ ಕಾರನ್ನು ಬೇಲಿಗೆ ಗುದ್ದಿರುತ್ತಿದ್ದ.

"ಹೀಗೆ ನೋಡ್ತಾ ಇದ್ರೆ ಕತ್ತು ಉಳುಕುತ್ತೆ ಅಷ್ಟೆ. ಹೋಗಿ ಸೇರ್ಕೊಳ್ಳಿ," ಎಂದಳು ಹೊಲಿಗೆ ಅಂಗಡಿ ನಡೆಸುವ ಹೆಂಡತಿ.

"ನಲವತ್ತು ದಾಟಿದೆ ಕಣೇ."

"ವಿಮಾನಕ್ಕೆ ಗೊತ್ತಾಗುತ್ತಾ?"

ಇದ್ದ ಕಾರುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಮಾರಿ, ಕಣ್ಣು ಕಿವಿ ಸರಿಯಿದೆ ಎಂದು ವೈದ್ಯರಿಂದ ಹೇಳಿಸಿಕೊಂಡು, ಮೇಷ್ಟ್ರು ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ತರಬೇತಿಗೆ ಸೇರಿಯೇಬಿಟ್ಟರು. ಕಲಿಸಲು ಬಂದ ಯುವತಿಯನ್ನು ಕಂಡು ಮಾತ್ರ ಅವರ ಎದೆ ಧಸಕ್ಕೆಂದಿತು. ಹಿಂದೆ ಇದೇ ಹುಡುಗಿಗೆ ಕಾರು ಕಲಿಸುವಾಗ, "ನಿನ್ನ ಕೈಗೆ ತಳ್ಳುಗಾಡಿ ಕೊಡೋಕೂ ಭಯ ಆಗುತ್ತಮ್ಮ" ಎಂದು ಅಳಿಸಿ ಕಳಿಸಿದ್ದರು.

"ನಮಸ್ಕಾರ ಮೇಷ್ಟ್ರೇ," ಎಂದಳು ಅವಳು ನಗು ತಡೆದುಕೊಂಡು. "ಬೆಲ್ಟ್ ಹಾಕ್ಕೊಳ್ಳಿ."

ನೆಲದ ಮೇಲೆ ವಿಮಾನ ತಿರುಗುವುದು ಕಾಲಿನ ಪೆಡಲುಗಳಿಂದ. ಆದರೆ ಮೇಷ್ಟ್ರ ಕೈ ಕೇಳಬೇಕಲ್ಲ! ಅವರು ಸ್ಟೇರಿಂಗನ್ನು ಜೀವ ಬಿಟ್ಟು ತಿರುಗಿಸುತ್ತಿದ್ದರೆ ವಿಮಾನ ತನ್ನ ಪಾಡಿಗೆ ತಾನು ಹುಲ್ಲಿನತ್ತ ಹೊರಟಿತು. ಮೇಲೇರಿದ ಮೇಲೆ ಹದ್ದೊಂದು ಎದುರಾಯಿತು. "ಬ್ರೇಕ್!" ಎಂದು ಚೀರಿ ಎರಡೂ ಪೆಡಲುಗಳನ್ನು ಒತ್ತಿ ಹಿಡಿದರು.

"ಇಲ್ಲಿ ಬ್ರೇಕ್ ಹಾಕಿ ಎಲ್ಲಿ ನಿಲ್ತೀರಾ ಮೇಷ್ಟ್ರೇ?" ಎಂದಳು ಅವಳು.

ರೇಡಿಯೋದಲ್ಲಿ ಮಾತಾಡುವ ಅಭ್ಯಾಸ ಮನೆಯಲ್ಲಿ ನಡೆಯಿತು. ಮೇಷ್ಟ್ರು ಅಂಗಳದಿಂದ ಗಂಭೀರವಾಗಿ, "ಅಡುಗೆಮನೆ ಟವರ್, ಇಳಿಯಲು ಅನುಮತಿ ಕೊಡಿ" ಎಂದು ಕೂಗುತ್ತಿದ್ದರು. ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು: "ಈಗಷ್ಟೇ ನೆಲ ಒರೆಸಿದೀನಿ ಅಳಿಯಂದ್ರೇ. ಒಣಗೋವರೆಗೂ ಅಲ್ಲೇ ಸುತ್ತುತ್ತಾ ಇರಿ."

ಬೈಸಿಕೊಂಡು ಬೈಸಿಕೊಂಡೇ ಕಲಿತರು. ಒಂದು ಬೆಳಿಗ್ಗೆ ಅವಳು ವಿಮಾನದಿಂದ ಇಳಿದು, "ಒಬ್ಬರೇ ಒಂದು ಸುತ್ತು ಹೋಗಿ ಬನ್ನಿ" ಎಂದಳು. ಮೇಷ್ಟ್ರು ಹೋದರು, ಬಂದರು. ಇಳಿದಾಗ ಮುಖದ ತುಂಬ ಮಗುವಿನ ನಗು. ಅಂದಿನಿಂದ ಅವಳನ್ನು "ಏನಮ್ಮಾ" ಎನ್ನುವುದು ಬಿಟ್ಟು "ಮೇಡಂ" ಎನ್ನತೊಡಗಿದರು.

ಕೊನೆಯ ಪರೀಕ್ಷೆಗೆ ಬಂದವರು ಬಿಳಿ ಮೀಸೆಯ, ತುಟಿ ಬಿಚ್ಚದ ಪರೀಕ್ಷಕರು. ಎಂಜಿನ್ ಕೈಕೊಟ್ಟರೆ ಏನು ಮಾಡುತ್ತಾರೆ ನೋಡೋಣವೆಂದು ನಡುಹಾದಿಯಲ್ಲಿ ಮೆಲ್ಲಗೆ ಕೈ ಚಾಚಿ ಅದರ ವೇಗ ಇಳಿಸಿದರು. ಇದು ಪರೀಕ್ಷೆ ಎಂದು ಮೇಷ್ಟ್ರಿಗೆ ಗೊತ್ತಿತ್ತು, ಅವರ ಕೈಗೆ ಗೊತ್ತಿರಲಿಲ್ಲ. ಪರೀಕ್ಷಕರ ಕೈ ಮೇಲೆ ಪಟ್ಟೆಂದು ಏಟು ಬಿತ್ತು.

"ಕೇಳದೆ ಏನೂ ಮುಟ್ಟಬಾರ್ದು ಅಂತ ಎಷ್ಟು ಸಲ ಹೇಳೋದು!"

ಮರುಕ್ಷಣವೇ ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಇನ್ನು ಲೈಸೆನ್ಸು ಸಿಕ್ಕಂತೆಯೇ! ಹೋಗುವುದಂತೂ ಹೋಯಿತು, ಇಳಿಸುವುದನ್ನಾದರೂ ನೆಟ್ಟಗೆ ಇಳಿಸೋಣ ಎನಿಸಿ ಮನಸ್ಸು ಹಗುರಾಯಿತು. ಕೆಳಗೊಂದು ಬಯಲು ಗುರುತಿಸಿ, ಗಾಳಿ ನೋಡಿಕೊಂಡು, ತೇಲಿಸುತ್ತಾ ತಂದರು. ಬಯಲಿನ ಹುಲ್ಲು ಹತ್ತಿರ ಹತ್ತಿರ ಬಂದಾಗ ಪರೀಕ್ಷಕರು, "ಸಾಕು, ಮೇಲಕ್ಕೇರಿಸಿ" ಎಂದರು.

ವಿಮಾನ ನಿಂತ ಮೇಲೆ ಅವರು ಕೈ ಉಜ್ಜಿಕೊಳ್ಳುತ್ತಾ ಕೇಳಿದರು: "ಕಾರು ಕಲಿಸ್ತೀರಂತೆ? ನಮ್ಮ ಮನೆಯವಳಿಗೆ ಕಲಿಸಬೇಕು. ನಾನೇ ಹೇಳಿಕೊಡೋಕೆ ಹೋದ್ರೆ ಜಗಳ ಆಗುತ್ತೆ."

"ಹಾಗಾದ್ರೆ... ನನ್ನ ಪರೀಕ್ಷೆ?"

"ಅದು ಆಗಲೇ ಪಾಸಾಯ್ತಲ್ಲ."

ಈಗ ಮೇಷ್ಟ್ರು ದ್ವೀಪಗಳಿಗೆ ಸಾಮಾನು ಸಾಗಿಸುವ ಪುಟ್ಟ ವಿಮಾನದ ಪೈಲಟ್. ಮೊದಲ ಸಲ ಒಯ್ದದ್ದು ಪೆಟ್ಟಿಗೆಗಟ್ಟಲೆ ಕೋಳಿಮರಿ. ದಾರಿಯುದ್ದಕ್ಕೂ ಬೆನ್ನ ಹಿಂದೆ ಕಿಚಿಪಿಚಿ. ಇಳಿದಾಗ ಸಾಮಾನು ಎತ್ತುವವನು ಓಡಿ ಬಂದು, "ಪ್ರಯಾಣ ಹೇಗಿತ್ತು ಕ್ಯಾಪ್ಟನ್?" ಎಂದ. ಯಾರನ್ನು ಕರೆದನೋ ಎಂದು ಮೇಷ್ಟ್ರು ಹಿಂದಿರುಗಿ ನೋಡಿದರು. ಅಲ್ಲಿ ಕೋಳಿಮರಿಗಳ ಹೊರತು ಯಾರೂ ಇರಲಿಲ್ಲ.