ಅಪ್ಪನ ಗುಡ್ಡೆಯ ನೆಣ

ನಾನು ಬಿ.ಎಸ್ಸಿ. ಓದಿದ್ದು ದಂಡವಾಗಲಿಲ್ಲ ಎಂದು ಅಪ್ಪ ಒಪ್ಪಿಕೊಂಡದ್ದು ಅವನ ಉಚ್ಚೆಯನ್ನು ಕಾಯಿಸಿ ತೋರಿಸಿದ ದಿನ. ಡಿಗ್ರಿ ಬಂದಾಗ ಒಪ್ಪಿರಲಿಲ್ಲ. ಹೊಸಕೋಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಾಗಲೂ ಬಾಯಿಬಿಟ್ಟು ಹೇಳಿರಲಿಲ್ಲ.

ನಮ್ಮದು ನಂದಗುಡಿ ಕಡೆಯ ಸಣ್ಣ ಊರು. ರಾಗಿ, ಹುರುಳಿ, ಒಂದಿಷ್ಟು ಕುರಿ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದವನು ನಾನೇ ಮೊದಲು. ಕಾಲೇಜಿನ ಮೆಟ್ಟಿಲು ಹತ್ತಿದವನಂತೂ ಇಡೀ ಊರಿಗೇ ಮೊದಲು. ಇದನ್ನು ಜಂಬ ಎಂದರೆ ಜಂಬವೇ ಸರಿ. ಬೆಂಗಳೂರಿನ ಹಾಸ್ಟೆಲಿನಲ್ಲಿ ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಗೋಡೆಯ ಕಡೆ ತಿರುಗಿ ಮಲಗಿ ಅತ್ತವನು, ಗಣಿತದಲ್ಲಿ ಫೇಲಾಗಿ ಮತ್ತೆ ಕಟ್ಟಿ ಪಾಸಾದವನು, ಜಂಬಪಡದೆ ಇನ್ನೇನು ಮಾಡಲಿ? ಬಾಡಿಗೆ ಗೌನು ತೊಟ್ಟು ಸ್ಟುಡಿಯೋದಲ್ಲಿ ತೆಗೆಸಿದ ನನ್ನ ಫೋಟೋವನ್ನು ಅವ್ವ ರಾಗಿ ವಾಡೆಯ ಮೇಲಿನ ಗೋಡೆಗೆ ಹಾಕಿಸಿದ್ದಳು. ರಾಗಿ ತೆಗೆಯಲು ಬಗ್ಗಿದಾಗಲೆಲ್ಲ ಎದ್ದು ಅದನ್ನೊಮ್ಮೆ ಸೆರಗಿನಿಂದ ಒರೆಸುತ್ತಿದ್ದಳು.

ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪ ಬದು ಕಡಿಯುವಾಗ ಗುದ್ದಲಿಯ ಅಂಚು ಎಡಗಾಲಿನ ಹೆಬ್ಬೆರಳಿಗೆ ತಗುಲಿತು. ಅರಿಶಿನ ಮೆತ್ತಿದರು, ಸೊಪ್ಪು ಅರೆದು ಕಟ್ಟಿದರು. ಮಾಗಲಿಲ್ಲ. ಬೆರಳು ಕಪ್ಪಗಾಗುತ್ತ ಬಂದಾಗ ನಾನು ಹಟ ಮಾಡಿ ಹೊಸಕೋಟೆಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಅವರು ಮೂಸಿ ನೋಡಿದರು, ಒತ್ತಿ ನೋಡಿದರು, ಉಚ್ಚೆ ಪರೀಕ್ಷೆ ಮಾಡಿಸಿದರು, ಆಮೇಲೆ ಸಕ್ಕರೆ ಕಾಯಿಲೆ ಎಂದರು.

"ಮುದ್ದೆ, ಅನ್ನ, ಬೆಲ್ಲ, ಗೆಣಸು ಎಲ್ಲ ನಿಲ್ಲಿಸಿ. ಮಾಂಸ ತಿನ್ನಿ, ಮೊಟ್ಟೆ ತಿನ್ನಿ, ಸೊಪ್ಪು ತಿನ್ನಿ. ಮಾತ್ರೆ ಬರೆದುಕೊಡ್ತೀನಿ. ಸಕ್ಕರೆ ಇಳೀದಿದ್ರೆ ಬೆರಳು ತೆಗೀಬೇಕಾಗುತ್ತೆ. ಬೆರಳಿಗೇ ನಿಂತರೆ ನಿಮ್ಮ ಪುಣ್ಯ."

ಅಪ್ಪನಿಗೆ ಬೆರಳಿಗಿಂತ ಮುದ್ದೆಯ ಮಾತೇ ಹೆಚ್ಚು ನೋವು ಮಾಡಿತು. ಹೊರಗೆ ಬಂದವನೇ ನನ್ನ ಮೇಲೆ ಹಾಯ್ದ. "ಮುದ್ದೆ ಬಿಟ್ಟು ಬದ್ಕೋದು ಹೆಂಗ್ಲಾ? ಬರೀ ಬಾಡು ತಿನ್ನಾಕೆ ನಾನೇನು ಬೆಕ್ಕಾ?"

ಆದರೂ ಬಿಟ್ಟ. ಒಂಟಿ ಕಾಲಲ್ಲಿ ಉಳುವವನನ್ನು ಯಾರೂ ಕಂಡಿಲ್ಲವಲ್ಲ.

ವಾರ ವಾರ ಉಚ್ಚೆ ಪರೀಕ್ಷೆ ಆಗಬೇಕೆಂದು ಡಾಕ್ಟರು ಹೇಳಿದ್ದರು. ಅದಕ್ಕೆ ಅಪ್ಪನನ್ನು ಬಸ್ಸು ಹತ್ತಿಸುವುದೇಕೆ? ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ, ಸಕ್ಕರೆ ಕಂಡರೆ ಬಣ್ಣ ಬದಲಿಸುವ ನೀಲಿ ದ್ರಾವಣವಿತ್ತು. ಹೆಡ್‌ಮಾಸ್ಟರನ್ನು ಕೇಳಿ ಒಂದು ಶೀಸೆ ತಂದೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದು, ಜಗುಲಿಯ ಮೇಲೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿ ನೀಲಿ ನೀರಿಗೆ ಅಪ್ಪನ ಉಚ್ಚೆಯ ಹನಿ ಬಿಟ್ಟು ಕಾಯಿಸಿದೆ. ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟ ಇಟ್ಟಿಗೆಯ ಕೆಂಪು. ಅಷ್ಟೂ ಸಕ್ಕರೆ ಎಂದೆ. ಅಪ್ಪ ಬಗ್ಗಿ ನೋಡಿದ. "ನನ್ನೊಳ್ಗೆ ಆಲೆಮನೆ ಐತಲ್ಲೋ!" ಎಂದ. ಆಮೇಲೆ, ಬಹಳ ಹೊತ್ತಿನ ಮೇಲೆ, "ಪರ್ವಾಗಿಲ್ಲ ಕಣ್ಲಾ ನಿನ್ನ ಓದು," ಎಂದ.

ಅಂದಿನಿಂದ ನಮ್ಮ ಮನೆಯಲ್ಲಿ ಬಾಡಿನ ಕಾಲ. ನಮ್ಮ ಕಡೆ ಬಾಡೆಂದರೆ ಗುಡ್ಡೆ. ಕೆಲವು ಮನೆಯವರು ಸೇರಿ ಒಂದು ಕುರಿ ಹಿಡಿದು, ಬೆಳಗಿನ ಜಾವ ಊರಾಚೆಯ ಹುಣಸೆ ತೋಪಿನಲ್ಲಿ ಕೊಯ್ದು, ಈಚಲು ಚಾಪೆಯ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಖಂಡ, ಎಲುಬು, ಈಲಿ, ನೆಣ ಸಮಸಮ ಬೀಳಬೇಕು. ಈಲಿಯೆಂದರೆ ಯಕೃತ್ತು, ನೆಣವೆಂದರೆ ಕೊಬ್ಬು; ಸಾರಿಗೆ ರುಚಿ ಕೊಡುವುದೇ ಅದು ಎಂಬುದು ನಮ್ಮವರ ನಂಬಿಕೆ. ಒಂದು ಚೂರು ನೆಣ ಹೆಚ್ಚುಕಡಿಮೆಯಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಾನೇ ಕಂಡಿದ್ದೇನೆ. ಮೊದಲೆಲ್ಲ ಗುಡ್ಡೆ ಹಬ್ಬಕ್ಕೋ, ಬಿತ್ತನೆ ಮುಗಿದ ಖುಷಿಗೋ ಆಗುತ್ತಿತ್ತು. ಅಪ್ಪನ ಕಾಯಿಲೆಯ ಸುದ್ದಿ ತಿಳಿದ ಮೇಲೆ ಪಾಲಿನ ಮನೆಗಳವರೆಲ್ಲ ಕೂತು, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಗುಡ್ಡೆ ಹಾಕುವುದೆಂದು ಮಾತಾಡಿಕೊಂಡರು. ನಡುವೆ ಕೋಳಿ, ಮೊಟ್ಟೆ. ಕಾಲು ಕೆಟ್ಟ ಅಪ್ಪ ತೋಪಿಗೆ ಹೋಗುವಂತಿರಲಿಲ್ಲ. ನಮ್ಮ ಗುಡ್ಡೆಯನ್ನು ಮೂಲೆಮನೆ ಚಿಕ್ಕಪ್ಪ ಮುತ್ತುಗದ ಎಲೆಯಲ್ಲಿ ಕಟ್ಟಿ ತಂದು ಅವ್ವನ ಕೈಗೆ ಕೊಡುತ್ತಿದ್ದ. ನಾನು ಬಸ್ಸಿಳಿದು ಬರುವ ಹೊತ್ತಿಗೆ ಸಾರು ಕುದಿಯುತ್ತಿರುತ್ತಿತ್ತು.

ನಳಿಗೆಯ ಬಣ್ಣ ಇಳಿಯುತ್ತ ಬಂತು. ಕೆಂಪು ಹೋಗಿ ಕಿತ್ತಳೆಯಾಯಿತು, ಹಸಿರಾಯಿತು, ಕೊನೆಗೊಂದು ಭಾನುವಾರ ಎಷ್ಟು ಕಾಯಿಸಿದರೂ ನೀಲಿ ನೀಲಿಯಾಗಿಯೇ ನಿಂತಿತು. ಬೆರಳಿನ ಗಾಯ ಅಂಚಿನಿಂದ ಒಳಕ್ಕೆ ಕೂಡುತ್ತ ಬಂದು ಒಣಗಿತು. ಆದರೂ ಗುಡ್ಡೆ ತರುವ ಕೆಲಸವನ್ನು ಚಿಕ್ಕಪ್ಪ ಬಿಟ್ಟುಕೊಡಲಿಲ್ಲ. ನೀಲಿ ನಿಂತ ನಳಿಗೆಯನ್ನು ಅಪ್ಪ ಜಗುಲಿಯ ಮೇಲೆ ಬಂದುಹೋಗುವವರಿಗೆಲ್ಲ ಹಿಡಿದು ತೋರಿಸಿದ. ಅದರಲ್ಲಿರುವುದು ಏನೆಂದು ಗೊತ್ತಾದ ಕೂಡಲೇ ಅವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಒಂದು ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು. "ನಿಮ್ಮಪ್ಪ ದಿಣ್ಣೆ ಹತ್ತುವಾಗ ಎದೆ ಹಿಡ್ಕಂಡು ನಿಂತ್ಕತಾನೆ ಕಣಪ್ಪಾ. ಕೇಳಿದ್ರೆ ಏನಿಲ್ಲ ಅಂತಾನೆ."

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಹೊಲದಲ್ಲಿ ಹೀಗೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎದೆಗೆ ತಂತಿ ಹಚ್ಚಿ ಪಟ್ಟಿ ತೆಗೆದರು, ರಕ್ತ ತೆಗೆದರು. ಮುಂದಿನ ವಾರ ಹೋದಾಗ ಅಲ್ಲಿನ ಡಾಕ್ಟರು, ಎದೆಯ ಪಟ್ಟಿ ಸದ್ಯಕ್ಕೆ ಸರಿಯಾಗಿದೆ, ಸಕ್ಕರೆಯೂ ಹಿಡಿತದಲ್ಲಿದೆ, ಆದರೆ ರಕ್ತದಲ್ಲಿ ಕೊಲೆಸ್ಟರಾಲ್ ಇರಬೇಕಾದ್ದಕ್ಕಿಂತ ಬಹಳ ಮೇಲಿದೆ ಎಂದರು. ಆ ಪದವನ್ನು ನಾನು ಕಾಲೇಜಿನ ಪುಸ್ತಕದಲ್ಲಿ ಓದಿದ್ದೆ. ಅಪ್ಪನ ರಕ್ತದಲ್ಲಿ ಕಾಣುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಹೀಗೇ ಬಿಟ್ಟರೆ ಎದೆಗೆ ರಕ್ತ ಹರಿಯೋ ದಾರಿ ಕಟ್ಟಿಕೊಳ್ಳಬಹುದು," ಎಂದು ಡಾಕ್ಟರು ಇಂಗ್ಲಿಷಿನಲ್ಲಿ ನನಗೊಬ್ಬನಿಗೇ ಹೇಳಿದರು. ಆಮೇಲೆ ಕನ್ನಡದಲ್ಲಿ ಅಪ್ಪನನ್ನು ಕೇಳಿದರು. "ಏನು ತಿಂತೀರಿ?"

"ಬಾಡು ಸ್ವಾಮಿ," ಎಂದ ಅಪ್ಪ ಹೆಮ್ಮೆಯಿಂದ. "ಡಾಕ್ಟ್ರು ಹೇಳಿದಂಗೇ ನಡ್ಕಂಡಿದೀನಿ. ಒಂದು ತುತ್ತು ಮುದ್ದೆ ಮುಟ್ಟಿಲ್ಲ."

"ಕೊಬ್ಬು ಜಾಸ್ತಿ ಇರುತ್ತಾ?"

"ಗುಡ್ಡೇಲಿ ಬಂದಷ್ಟು."

ಮಾಂಸವನ್ನೇ ಬಿಡಬೇಕಾಗಿಲ್ಲ, ಕೊಬ್ಬು ಬಿಡಿಸಿ, ಸೊಪ್ಪು ಹೆಚ್ಚಿಸಿ, ಮೂರು ತಿಂಗಳ ನಂತರ ಮತ್ತೆ ರಕ್ತ ನೋಡೋಣ ಎಂದರು. ಡಾಕ್ಟರು ಇಂಗ್ಲಿಷಿನಲ್ಲಿ ಏನಂದರೆಂದು ಬಸ್ಸಿನಲ್ಲಿ ಅಪ್ಪ ನನ್ನನ್ನು ಪೀಡಿಸಿದ. ರಕ್ತದಲ್ಲಿ ಕೊಬ್ಬು ಸೇರಿದೆ ಎಂದೆ. ಅಪ್ಪ ಗಹಗಹಿಸಿ ನಕ್ಕ. "ನಂಗೆ ಕೊಬ್ಬು ಅಂತ ನಿಮ್ಮವ್ವ ಮದ್ವೆಯಾದಾಗಿಂದ ಹೇಳ್ತಾವ್ಳೆ. ಅದ್ನ ಹೇಳಾಕೆ ರಕ್ತ ಬೇರೆ ತಗೀಬೇಕಾಗಿತ್ತಾ?"

ನನಗೆ ನಗು ಬರಲಿಲ್ಲ. ಕಾಲು ಉಳಿಸಲು ಹೋಗಿ ಎದೆಗೆ ಕುತ್ತು ತಂದೆವೇ? ಸಕ್ಕರೆಯಾದರೆ ನಳಿಗೆಯಲ್ಲಿ ಬಣ್ಣ ತೋರಿಸುತ್ತಿತ್ತು. ಇದಕ್ಕೆ ನಮ್ಮ ಶಾಲೆಯ ಕಪಾಟಿನಲ್ಲಿ ಯಾವ ಶೀಸೆಯೂ ಇರಲಿಲ್ಲ.

ಮನೆಗೆ ಬಂದು ಅವ್ವನನ್ನು ನೆಣದ ಬಗ್ಗೆ ಕೇಳಿದೆ. ಅವಳು ಒಲೆಯ ಪಕ್ಕದ ಮಡಕೆಯ ಮುಚ್ಚಳ ತೆಗೆದಳು. ಒಳಗೆ ಕರಗಿಸಿ ಇಟ್ಟ ನೆಣ, ಕತ್ತಿನತನಕ, ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಇದ್ರಲ್ಲೇ ಮೊಟ್ಟೆ ಹುರೀತೀನಿ, ಸೊಪ್ಪು ಬಾಡಿಸ್ತೀನಿ. ಸಾರಿಗೆ ಹಾಕಿ ಮಿಕ್ಕಿದ್ದು."

"ಒಂದು ಮನೆ ಗುಡ್ಡೇಲಿ ಇಷ್ಟೊಂದು ಎಲ್ಲಿಂದ ಬರ್ತದವ್ವಾ?"

"ಈ ವರ್ಷ ಕುರಿ ಚೆನ್ನಾಗಿ ಮೇಯ್ದವೆ," ಎಂದಳು ಅವ್ವ.

ಕುರಿ ಸಾಕಿದ ಮನೆಯ ಮಗ ನಾನು. ಎಂಥ ಮೇವು ಮೇಯ್ದ ಕುರಿಯಾದರೂ ಒಂದು ಪಾಲಿಗೆ ಅಷ್ಟು ನೆಣ ಬರುವುದಿಲ್ಲ. ಮುಂದಿನ ಗುಡ್ಡೆಗೆ ಶನಿವಾರವೇ ಊರಿಗೆ ಬಂದು ಉಳಿದೆ. ಬೆಳಗ್ಗೆ ಎದ್ದು ಟವಲು ಹೊದ್ದು ತೋಪಿಗೆ ಹೋದೆ.

"ಓ, ಮೇಷ್ಟ್ರು! ಕುರಿಗೂ ಪಾಠ ಹೇಳಾಕೆ ಬಂದ್ರಾ? ಅದು ಪಾಸಾಗ್ಬಿಟ್ತಲ್ಲಪ್ಪಾ," ಎಂದ ಮೂಲೆಮನೆ ಚಿಕ್ಕಪ್ಪ. ಕುರಿ ಆಗಲೇ ಚಾಪೆಯ ಮೇಲೆ ಗುಡ್ಡೆಯಾಗಿತ್ತು.

ಗುಡ್ಡೆ ಹಂಚಲು ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ ಯಾರದ್ದು ಎನ್ನುತ್ತಾನೆ; ಬೆನ್ನು ತಿರುಗಿಸಿದವನು ಬಾಯಿಗೆ ಬಂದ ಮನೆಯ ಹೆಸರು ಹೇಳುತ್ತಾನೆ. ಆಮೇಲೆ ತಕರಾರಿಲ್ಲ. ಅಂದು ಬೆನ್ನು ತಿರುಗಿಸಿದ್ದವನು ಎಲ್ಲರಿಗೂ ಹಿರಿಯನಾದ ಬಾವಿಮನೆ ಅಜ್ಜ.

"ಇದ್ಯಾರ್ದು?"

"ಮೂಲೆಮನೇದು."

"ಇದು?"

"ಮೇಷ್ಟ್ರಪ್ಪಂದು."

ಎಲ್ಲ ಗುಡ್ಡೆಗೂ ಮನೆ ಗೊತ್ತಾದ ಮೇಲೆ ಚಿಕ್ಕಪ್ಪ ನಮ್ಮ ಎಲೆ ಹಾಸಿ ನಮ್ಮ ಗುಡ್ಡೆ ಎತ್ತಿ ಅದರ ಮೇಲಿಟ್ಟ. ಕಟ್ಟಲಿಲ್ಲ. ಅಜ್ಜ ತನ್ನ ಗುಡ್ಡೆಯಿಂದ ನೆಣದ ತುಂಡನ್ನು ಹೆಕ್ಕಿ ನಮ್ಮ ಎಲೆಗೆ ಹಾಕಿದ. ಅವನ ಹಿಂದೆ ಒಬ್ಬೊಬ್ಬರಾಗಿ, ಬೀಡಿ ಬಾಯಲ್ಲಿಟ್ಟುಕೊಂಡೇ, ಬೇರೆ ಏನೋ ಮಾತಾಡಿಕೊಂಡೇ, ಎಲ್ಲರೂ ಬಗ್ಗಿ ತಮ್ಮ ತಮ್ಮ ನೆಣ ತೆಗೆದು ನಮ್ಮದಕ್ಕೆ ಹಾಕಿದರು. ನೆಣದ ಚೂರಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಅವರಲ್ಲಿದ್ದರು. ಮೈಯಲ್ಲಿ ಕಸುವಿಲ್ಲದವನಿಗೆ ನೆಣ ಸೇರಲಿ ಎಂದು ಮೊದಲ ಗುಡ್ಡೆಯಿಂದಲೂ ಹೀಗೇ ಮಾಡಿಕೊಂಡು ಬಂದಿದ್ದರು. ಹೇಳಿದರೆ ಅಪ್ಪ ತಿನ್ನಲೊಪ್ಪುವುದಿಲ್ಲವೆಂದು ಮನೆಗೆ ಹೇಳಿರಲಿಲ್ಲ; ನೀನೂ ಬಾಯಿ ಬಿಡಬೇಡ ಎಂದ ಚಿಕ್ಕಪ್ಪ.

ಅಪ್ಪನ ಎದೆಗೆ ಗಂಡಾಂತರವಾಗಿದ್ದುದು ಆ ಎಲೆಯ ಮೇಲೆ ಹೊಳೆಯುತ್ತಿತ್ತು, ಅದನ್ನು ಇಟ್ಟವರು ಅವನಿಗೆ ಅತ್ಯಂತ ಬೇಕಾದವರು. ಬೇಡವೆಂದರೆ ಹೇಗೆ? ಕೊಟ್ಟ ಪಾಲನ್ನು ತಿರುಗಿಸುವುದೆಂದರೆ ಗುಡ್ಡೆಯಿಂದಲೇ ಹೊರಗೆ ಹೋದಂತೆ. ಹೇಳದಿದ್ದರೆ ದೊಡ್ಡಪ್ಪನ ಗತಿ.

ಹೇಳಿದೆ. ಆಸ್ಪತ್ರೆ, ರಕ್ತ, ಡಾಕ್ಟರ ಮಾತು, ಎಲ್ಲ. ಪಾಠ ಮಾಡುವವನಿಗೆ ಮಾತಿನ ಬರವೇ? ಅಂದು ಮಾತ್ರ ತೊದಲಿದೆ.

ಬಾವಿಮನೆ ಅಜ್ಜ ಕೈಯಲ್ಲಿದ್ದ ಮಚ್ಚು ಕೆಳಗಿಟ್ಟ. "ಅಂದ್ರೆ ಮಗಾ, ಅವ್ನಿಗೆ ನಾವೇ ವಿಷ ಇಕ್ಕಿದಂಗಾಯ್ತಾ?"

"ಅಂಗನ್ಬೇಡ ಅಜ್ಜಾ. ಅವ್ನ ಕಾಲು ಉಳ್ದಿದ್ದು ನಿಮ್ಮ ಗುಡ್ಡೆಯಿಂದ್ಲೇ. ಬಾಡು ಬೇಡ ಅಂದಿಲ್ಲ ಡಾಕ್ಟ್ರು. ನೆಣ ಒಂದು ಬೇಡ."

ಮೂಲೆಮನೆ ಚಿಕ್ಕಪ್ಪ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ನಿನ್ನ ಓದಿಗೆ ಬೆಂಕಿ ಹಾಕ! ಇದ್ನ ಮೊದ್ಲೇ ಬಂದು ಬೊಗಳ್ಬಾರ್ದೇನ್ಲಾ? ಇಷ್ಟು ದಿನದಿಂದ ನಮ್ಮನೇಲಿ ಸಾರು ಮುಸುರೆ ನೀರಿನಂಗೈತೆ. ನೆಣ ಯಾರ್ಗಿಕ್ಕಿ ಬಂದೆ ಅಂತ ನಿಮ್ಮ ಚಿಕ್ಕಮ್ಮ ನನ್ನ ಮೇಲೆ ಅನುಮಾನ ಪಡ್ತಾವ್ಳೆ!"

ತೋಪಿಗೆ ತೋಪೇ ನಕ್ಕಿತು. ಅಜ್ಜನೂ ನಕ್ಕ, ಕಣ್ಣೊರೆಸಿಕೊಂಡ. ನೋಡುನೋಡುತ್ತಿದ್ದಂತೆ ಕೈಗಳು ನಮ್ಮ ಎಲೆಗೆ ಬಂದವು, ಬೇಗ ಬೇಗ ಬಂದವು. ಚಿಕ್ಕಪ್ಪ ತನ್ನ ತುಂಡು ಯಾವುದೆಂದು ನೋಡದೆ ದಪ್ಪನೆಯದನ್ನೇ ಎತ್ತಿಕೊಂಡ. ಆದರೆ ಅಜ್ಜ ಎಲೆಯ ಮೇಲೆ ಕೈಯಿಟ್ಟು ತಡೆದ.

"ಗುಡ್ಡೆ ಗುಡ್ಡೇನೇ. ಅವ್ನ ಪಾಲು ಕಮ್ಮಿ ಆಗ್ಬಾರ್ದು. ಅವ್ನ ಸ್ವಂತ ಪಾಲಿನ ನೆಣ ತಗಂಡೋರು ಅಷ್ಟು ತೂಕದ ಖಂಡ ಇಡ್ರಪ್ಪಾ."

ಇಟ್ಟರು. ಹೀಗೆ ನಮ್ಮ ಮಾನವೂ ಉಳಿಯಿತು, ಅವರ ಸಾರೂ ಉಳಿಯಿತು. ಅವ್ವ ಮಡಕೆಯ ನೆಣವನ್ನು ಹುರಿಯಲು ಬಳಸಲೂ ಆಗದೆ, ಎಸೆಯಲೂ ಮನಸ್ಸಾಗದೆ, ಕೊನೆಗೆ ಮೂಲೆಮನೆಗೇ ಕೊಟ್ಟು ಬಂದಳು. ಮಡಕೆ ಹೊಸಿಲು ದಾಟುವಾಗ ಅಪ್ಪ ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ನೋಡಿದ.

ಆ ಮೂರು ತಿಂಗಳು ಬಸ್ಸಿಳಿದಾಗಲೆಲ್ಲ ನಾನು ಮೊದಲು ದಿಣ್ಣೆಯ ಕಡೆ ನೋಡುತ್ತಿದ್ದೆ. ಅಪ್ಪ ಹತ್ತುತ್ತಿದ್ದರೆ ನಿಲ್ಲುತ್ತಾನೇನೋ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಮೊದಮೊದಲು ನಿಲ್ಲುತ್ತಿದ್ದ. ಬರುಬರುತ್ತ ನಿಲ್ಲುವುದು ಕಡಿಮೆಯಾಯಿತು. ಒಂದು ದಿನ ಕುರಿಯ ಹಿಂದೆ ಬೈದುಕೊಂಡು ಏರಿಯೇ ಬಿಟ್ಟ. ಬೈಯಲು ಉಸಿರಿದೆಯಲ್ಲ ಎಂದು ನನಗೆ ಆ ಬೈಗುಳವೇ ಇಂಪಾಗಿ ಕೇಳಿಸಿತು.

ಎರಡನೆಯ ಸಲ ರಕ್ತದ ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಅಪ್ಪನ ಮುಖ ನೋಡಿದರು. "ಇಳಿದಿದೆ. ಚೆನ್ನಾಗೇ ಇಳಿದಿದೆ. ಹೀಗೇ ನಡೆಸಿಕೊಂಡು ಹೋಗಿ." ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅದು ರೋಗಿಯ ಸ್ಟೂಲು. ಅಪ್ಪ ನಿಂತೇ ಇದ್ದ.

"ಸ್ವಾಮಿ, ಒಂದು ಮಾತು," ಎಂದ ಅಪ್ಪ ಕೈಮುಗಿದು. "ಮುದ್ದೆ?"

ಡಾಕ್ಟರು ಸಕ್ಕರೆಯ ಲೆಕ್ಕವನ್ನೊಮ್ಮೆ ನೋಡಿ, ದಿನಕ್ಕೊಂದು, ಕೋಳಿಮೊಟ್ಟೆ ಗಾತ್ರದ್ದು, ಸೊಪ್ಪಿನ ಸಾರಿನ ಜೊತೆ ಎಂದರು. ಅಪ್ಪ ಹೊರಗೆ ಬಂದವನೇ ಕೇಳಿದ. "ಯಾವ ಕೋಳಿ ಅಂತ ಕೇಳ್ದೇನ್ಲಾ?"

ಆ ರಾತ್ರಿಯ ಊಟಕ್ಕೆ ಅವ್ವ ನನ್ನ ಫೋಟೋದ ಕೆಳಗಿನ ವಾಡೆಯಲ್ಲಿದ್ದ ರಾಗಿಯ ಹಿಟ್ಟಿನಲ್ಲಿ ಮುದ್ದೆ ಕಟ್ಟಿದಳು. ಒಂದು ಮೊಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ಅಳತೆ ನೋಡಿ ಕಟ್ಟಿದಳು. ತಟ್ಟೆಯ ನಡುವೆ ಅದು ಕಳೆದುಹೋದಂತೆ ಕೂತಿತ್ತು. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂದು ನನಗೆ ಚಿಕ್ಕಂದಿನಲ್ಲಿ ತಲೆಗೆ ಮೊಟಕಿ ಕಲಿಸಿದವನು ಅಪ್ಪ. ಅಂದು ಒಂದು ಚೂರು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡವನು ನುಂಗಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ದವಡೆ ಆಡಿಸುತ್ತ ಕೂತ.

"ನೋಡ್ಲಾ ನಿಮ್ಮಪ್ಪನ್ನ," ಎಂದಳು ಅವ್ವ. "ಮುದ್ದೆ ಅಗೀತಾವ್ನೆ!"

"ನುಂಗಿದ್ರೆ ಮುಗ್ದೋಯ್ತದಲ್ಲಾ," ಎಂದ ಅಪ್ಪ.