ರಜೆ ಪುಸ್ತಕದಲ್ಲಿ ಇಲ್ಲದ ಹೆಸರು

ಸಂತೆಕಟ್ಟೆಯ ಹೈವೇ ಬದಿಯಲ್ಲಿ ಬೇಕರಿ ಇಟ್ಟಿದ್ದ ಲಿಡ್ವಿನ್‌ಗೆ ಸರಕಾರದ ಕಾನೂನು ಎಂದರೆ ತಲೆನೋವು. ಆ ತಲೆನೋವಿಗೆ ಅವನ ಹತ್ತಿರ ಇದ್ದ ಮಾತ್ರೆ ಹೆಂಡತಿ ಆಂಜೆಲಾ. ಗೋಡೆಯ ನೋಂದಣಿ ಪತ್ರದಲ್ಲಿ ಮಾಲಕ ಎಂದು ಇದ್ದದ್ದು ಅವನ ಹೆಸರು. ಆದರೆ ಏಪ್ರಿಲ್ ಬಂತೆಂದರೆ ಹೊಸ ತುಟ್ಟಿಭತ್ಯೆ ಎಷ್ಟೆಂದು ಕೇಳಲು ಉಡುಪಿಯ ಕಾರ್ಮಿಕ ಕಚೇರಿಯ ಮೆಟ್ಟಿಲು ಹತ್ತುವವಳು ಇವಳು. ಬೋರ್ಡಿನಲ್ಲಿ ಕನ್ನಡ ಅಕ್ಷರ ದೊಡ್ಡದಿರಬೇಕಂತೆ ಎಂದು ಪೈಂಟರನ್ನು ಕರೆಸಿದವಳು ಇವಳು. ಕೆಲಸದವರಿಗೆ ನೇಮಕ ಪತ್ರ ಕೊಡಲೇಬೇಕು ಎಂದು ಗೊತ್ತಾದಾಗ ಏಳು ಜನರಿಗೂ ಕೂತು ಬರೆದವಳೂ ಇವಳೇ.

"ಎಂತ ಮಾರಾಯ್ತಿ ಇದು, ನಿನ್ನೆ ಒಂದು, ಇವತ್ತು ಒಂದು!" ಎಂದು ಗೊಣಗುತ್ತ ಲಿಡ್ವಿನ್ ಅವಳು ಬೆರಳಿಟ್ಟು ತೋರಿಸಿದಲ್ಲಿ ರುಜು ಹಾಕುತ್ತಿದ್ದ. ಏನು ಬರೆದಿದೆ ಎಂದು ಒಂದು ದಿನವೂ ಓದಿದವನಲ್ಲ.

ಇಂಥ ಜಾಣೆಗೆ ಒಳಗೊಳಗೆ ಒಂದು ರೋಗವಿತ್ತು. ಹೊಟ್ಟೆಕಿಚ್ಚು. ಅದೂ ಯಾರ ಮೇಲೆ? ಎದುರಿನ ಅಂಗಡಿಯವರ ಮೇಲಲ್ಲ, ಬಂಗಾರ ಹೇರಿಕೊಂಡು ಇಗರ್ಜಿಗೆ ಬರುವವರ ಮೇಲಲ್ಲ. ತನ್ನದೇ ಕೆಲಸದವರ ಮೇಲೆ!

ಅದರಲ್ಲೂ ದ್ರಾಕ್ಷಾಯಿಣಿಯನ್ನು ಕಂಡರೆ ಆಗುತ್ತಿರಲಿಲ್ಲ. ಬಾದಾಮಿ ಕಡೆಯ ಹೆಣ್ಣು. ಗಂಡ ರಾಮಲಿಂಗ ಮಣಿಪಾಲದಲ್ಲಿ ಕಟ್ಟಡ ಕೆಲಸಕ್ಕೆ ಬಂದಾಗ ಜೊತೆಗೆ ಬಂದು, ಬೇಕರಿಯಲ್ಲಿ ರಸ್ಕು ಪ್ಯಾಕ್ ಮಾಡುವ ಕೆಲಸಕ್ಕೆ ಸೇರಿದವಳು. ಮಂಗಳವಾರ ಅವಳ ವಾರದ ರಜೆ. ಬುಧವಾರ ಬೆಳಿಗ್ಗೆ ಬಂದವಳೇ ಮಲ್ಪೆಯಲ್ಲಿ ಕಾಲು ನೆನೆಸಿದ್ದನ್ನೂ ಪೆರ್ಡೂರಿನಲ್ಲಿ ಬಾಳೆಹಣ್ಣು ಹರಕೆ ಒಪ್ಪಿಸಿದ್ದನ್ನೂ ಬಾಯಿ ತುಂಬ ಹೇಳುವಳು. ಆಂಜೆಲಾ "ಹೌದಾ?" ಎನ್ನುವಳು, ಹೊಟ್ಟೆ ಉರಿಯುವುದು. ಆ ಮಂಗಳವಾರವನ್ನು ಗಂಡನ ಜೊತೆ ಜಗಳ ಮಾಡಿ ಕೊಡಿಸಿದವಳು ತಾನೇ ಅಲ್ಲವೇ? ಬಡಿಸುವ ಕೈ ತನ್ನದು, ಖಾಲಿ ಎಲೆಯೂ ತನ್ನದೇ. ಬೇಕರಿಯ ಹನ್ನೊಂದು ವರ್ಷದಲ್ಲಿ ಅವಳಿಗೆ ಸಿಕ್ಕಿದ ರಜೆ ಎಂದರೆ ಭಾನುವಾರ ಇಗರ್ಜಿಯ ಮೊದಲ ಪೂಜೆಯ ಒಂದು ಗಂಟೆ. ಕಾನೂನಿನ ಪುಸ್ತಕವನ್ನು ತಿರುವಿ ತಿರುವಿ ನೋಡಿದ್ದಳು. ಅಲ್ಲಿ ಒಂದೇ ಸಾಲು: ಮಾಲಕನ ಕುಟುಂಬದವರು ನೌಕರರಲ್ಲ.

ಎರಡು ಸಾವಿರದ ನಾಲ್ಕರ ಮೇ ತಿಂಗಳು. ಕಾರ್ಕಳದಲ್ಲಿ ಅಕ್ಕ ಜೆಸ್ಸಿಯ ಮಗಳಿಗೆ ಮದುವೆ. ಮದುವೆ ಸೋಮವಾರ, ಅದರ ಮುಂಚೆ ಶನಿವಾರ ರೋಸ್, ಅಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರ. ಜ್ಞಾನಸ್ನಾನದ ದಿನ ಆ ಮಗುವನ್ನು ಎತ್ತಿಕೊಂಡು ನಿಂತ ಧರ್ಮತಾಯಿ ಆಂಜೆಲಾ. ಆ ತಲೆಗೆ ತನ್ನ ಕೈಯಿಂದ ಹಾಲು ಬೀಳಲೇಬೇಕು ಎಂದು ಅವಳ ಆಸೆ.

"ಮದುವೆಗೆ ಇಬ್ಬರೂ ಹೋಗುವ. ರೋಸಿಗೆ ಎಂತಕ್ಕೆ? ಶನಿವಾರ ಕೌಂಟರಿನಲ್ಲಿ ಯಾರುಂಟು?" ಎಂದ ಲಿಡ್ವಿನ್. "ದ್ರಾಕ್ಷಾಯಿಣಿ ಸಹ ಇಲ್ಲ. ಅವಳು ಅರ್ಜಿ ಕೊಟ್ಟಾಗಿದೆ."

ಆಂಜೆಲಾ ಅರ್ಜಿ ತೆಗೆದು ಓದಿದಳು. ಊರಿನಿಂದ ಅತ್ತೆ ಅಂಬವ್ವ ಬರುತ್ತಾಳೆ, ಭಾನುವಾರ ವಾಪಸು ಹೋಗುತ್ತಾಳೆ, ಸಮುದ್ರ ನೋಡಿದವಳಲ್ಲ, ಕಾಪುವಿಗೆ ಕರೆದುಕೊಂಡು ಹೋಗಬೇಕು. ಸಮುದ್ರ! ತನಗೆ ಸ್ವಂತ ಧರ್ಮಮಗಳ ರೋಸಿಗೆ ಬಿಡುವಿಲ್ಲ, ಇವಳ ಅತ್ತೆಗೆ ಸಮುದ್ರ ಬೇಕಂತೆ! ರಜೆ ಪುಸ್ತಕ ಎಳೆದು, 'ನಿರಾಕರಿಸಿದರೆ ಕಾರಣ' ಎಂಬ ಕಾಲಂನಲ್ಲಿ 'ಕೆಲಸದ ಒತ್ತಡ' ಎಂದು ಬರೆದಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಪುಸ್ತಕಕ್ಕೆ ಸಹಿ ಹಾಕಲು ಬಂದ ದ್ರಾಕ್ಷಾಯಿಣಿ ಅದನ್ನು ಎರಡು ಸಲ ಓದಿದಳು.

"ಆತು ಬಿಡ್ರಿ ಅಕ್ಕಾರ. ನಮ್ಮತ್ತಿ ಸಮುದ್ರ ನೋಡದ ಹೋಗ್ತಾಳ." ಹಾಳೆಯ ಮೇಲೆ ಬೆರಳು ಆಡಿಸಿ ಮತ್ತೆ ಕೇಳಿದಳು, "ಒಂದ ಮಾತು ಕೇಳ್ಲೇನ್ರಿ? ಇದರಾಗ ನಾವು ಏಳು ಮಂದಿ ಅದೀವಿ. ಎಲ್ಲಾರಕಿಂತ ಮೊದಲ ಬರಾಕಿ ನೀವು, ಕಡೀಕ ಹೋಗಾಕಿ ನೀವು. ನಿಮ್ಮ ಹೆಸರ ಎಲ್ಲೈತ್ರಿ?"

"ನಾನು ಮನೆಯವಳಲ್ವಾ," ಎಂದಳು ಆಂಜೆಲಾ. ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. ಈ ಬಡಪಾಯಿ ತನ್ನ ಯಾವ ರಜೆಯನ್ನೂ ಕಸಿದುಕೊಂಡವಳಲ್ಲ. ಆಂಜೆಲಾ ಬರೆದದ್ದನ್ನು ಹೊಡೆದುಹಾಕಿ 'ಮಂಜೂರು' ಎಂದು ಬರೆದಳು. ಆಮೇಲೆ ಪುಸ್ತಕ ಹಿಡಿದು ಗಂಡನ ಮುಂದೆ ಹೋಗಿ ನಿಂತಳು.

"ಶನಿವಾರ ನಾನೂ ಇಲ್ಲ."

"ಅವಳದ್ದು ಕಾನೂನು. ನಿನ್ನದು ಎಂತ?"

"ನನಗೆ ಕಾನೂನು ಇಲ್ಲ. ಹಾಗಾಗಿ ನನಗೆ ರಜೆ ಇಲ್ಲ ಎಂದು ಬರೆಯಲು ನಿಮಗೆ ಕಾಲಂ ಸಹ ಇಲ್ಲ."

ಶನಿವಾರ ಅವಳು ಕಾರ್ಕಳದ ಬಸ್ಸು ಹತ್ತಿಯೇ ಹತ್ತಿದಳು. ಹುಡುಗಿಯ ತಲೆಗೆ ಹಾಲು ಸುರಿದು ಮನಸಾರೆ ಅತ್ತಳು, ಜೆಸ್ಸಿಯ ಜೊತೆ ಹಾಡು ಹೇಳಿದಳು.

ಭಾನುವಾರ ಬಂದು ನೋಡಿದರೆ ಲಿಡ್ವಿನ್ ಮೋರೆ ಊದಿಸಿಕೊಂಡು ಕೌಂಟರಿನಲ್ಲಿ ಕೂತಿದ್ದ. ಒಳಗೆ ದ್ರಾಕ್ಷಾಯಿಣಿ ಯಾರಿಗೋ ಹೇಳುತ್ತಿದ್ದಳು: "ನಮ್ಮತ್ತಿ ಸಮುದ್ರದ ನೀರು ಬಾಯಾಗ ಹಾಕ್ಕೊಂಡು ಥೂ ಅಂದ್ಳು!" ಆಂಜೆಲಾ ನಕ್ಕಳು. ಈ ಸಲ ಹೊಟ್ಟೆ ಉರಿಯಲಿಲ್ಲ.

ರಜೆ ಪುಸ್ತಕ ತೆರೆದಳು. ಏಳು ಹೆಸರುಗಳ ಕೆಳಗೆ ಎಂಟನೆಯದು, ಗಂಡನ ಸೊಟ್ಟ ಅಕ್ಷರದಲ್ಲಿ: ಆಂಜೆಲಾ, ಒಂದು ದಿನ. ಪಕ್ಕದಲ್ಲಿ, ಸಂಬಳವಿಲ್ಲದ ರಜೆ.

ಸಿಟ್ಟಿನಿಂದ ಬರೆದದ್ದು, ನೋಡಿದರೇ ಗೊತ್ತಾಗುತ್ತಿತ್ತು. ಆಂಜೆಲಾ ಮೇಜಿನ ಡ್ರಾಯರಿನಿಂದ ಉಳಿದಿದ್ದ ಒಂದು ಖಾಲಿ ನೇಮಕ ಪತ್ರ ತೆಗೆದು, ತನ್ನ ಹೆಸರಿನಲ್ಲಿ ಸಾವಧಾನವಾಗಿ ತುಂಬಿಸಿ, ಸಂಬಳದ ಜಾಗದಲ್ಲೂ ಬರೆದು, ತಂದು ಅವನ ಮುಂದಿಟ್ಟಳು.

"ಎಂತ ಇದು, ಪುನಃ ಹೊಸ ಕಾನೂನಾ?"

"ಹಳೆಯದೇ. ಹೆಸರು ಪುಸ್ತಕದಲ್ಲಿ ಬಂದರೆ ಪತ್ರ ಕೊಡಲೇಬೇಕು," ಎಂದು ಆಂಜೆಲಾ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟಳು.

ಲಿಡ್ವಿನ್ ಗೊಣಗುತ್ತ, ಅವಳು ತೋರಿಸಿದಲ್ಲಿ ರುಜು ಹಾಕಿದ.