ಕಾಲು ಕುಣಿಸುವ ಅಳಿಯ

ಕೂತಲ್ಲಿ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ನಾನು ತೂಕಡಿಸುವಾಗಲೂ ಅದೊಂದು ಎಚ್ಚರವಾಗಿರುತ್ತದೆಂದು ಹೆಂಡತಿ ಗಿರಿಜೆಯ ದೂರು. ಗಾಳಿಯಿಲ್ಲದ ಮಧ್ಯಾಹ್ನದಲ್ಲೂ ತೆಂಗಿನ ಗರಿ ಒಂದಿಷ್ಟು ಅಲುಗುತ್ತಲೇ ಇರುತ್ತದಲ್ಲ. ಅದನ್ನೇ ನೋಡುತ್ತ ಬೆಳೆದವನಿಗೆ ಇನ್ನೇನು ಬಂದೀತು ಎಂದು ನನ್ನ ಸಮಜಾಯಿಷಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ, ತಿಪಟೂರಿನಲ್ಲಿ ಮಾವ ರುದ್ರಪ್ಪನವರ ಕೊಬ್ಬರಿ ಮಂಡಿಗೆ ಕೆಲಸಕ್ಕೆ ಸೇರಿದೆ. ಮಾವ ಗಾದಿಯ ಮೇಲೆ ಕೂತರೆ ಕಲ್ಲಿನ ಬಸವ. ಪಕ್ಕದಲ್ಲಿ ನನ್ನ ಕಾಲು ಶುರುವಾದರೆ ಅವರ ಲೋಟದ ಕಾಫಿಯಲ್ಲಿ ಸಣ್ಣ ಅಲೆ ಏಳುತ್ತಿತ್ತು. ಒಂದು ದಿನ ರೈತರೆಲ್ಲ ಇದ್ದಾಗಲೇ ಅಂದುಬಿಟ್ಟರು: "ಕಾಲು ನಿಲ್ಸಪ್ಪ. ಕುಣಿಸೋರ ಮನೇಲಿ ಲಕ್ಷ್ಮಿ ನಿಲ್ಲಾಕಿಲ್ಲ ಕಣಪ್ಪ."

ಅಳಿಯನ ಮಾನದ ಪ್ರಶ್ನೆ. ಅಂದಿನಿಂದ ಕಾಲುಗಳನ್ನು ಬಿಗಿಯಾಗಿ ಮಡಿಸಿ ದಿನವಿಡೀ ಕೂತೆ. ಕಾಲು ನಿಂತಿತು, ಮನಸ್ಸು ಕುಣಿಯತೊಡಗಿತು. ಕೊಬ್ಬರಿಯ ಸಿಹಿ ಕಮಟು ವಾಸನೆಯ ಮಂಪರಿನಲ್ಲಿ ಎಲ್ಲೆಲ್ಲೋ ತೇಲಿ ಬರುತ್ತಿದ್ದೆ. ಕೆಲವೇ ವಾರಗಳಲ್ಲಿ, ಸಂಜೆಯಾದರೆ ಪಾದ ಊದಿ ಚಪ್ಪಲಿ ಹಿಡಿಯದಾಯಿತು. ಗಿರಿಜೆ ಹೆದರಿ ಅಪ್ಪನಿಗೆ ಹೇಳಿದಳು. ಮಾವನೇ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರು ಎದೆ, ರಕ್ತ, ಮೂತ್ರ ಎಲ್ಲ ಪರೀಕ್ಷಿಸಿ, ನನ್ನ ಕಥೆ ಕೇಳಿ ನಕ್ಕರು. "ಹಿಂಗೆ ಕಾಲು ಕಟ್ಟಾಕ್ಕೊಂಡು ಕೂತ್ರೆ ರಕ್ತ ಮೇಲಕ್ಕೆ ಹೆಂಗ್ರೀ ಹತ್ತುತ್ತೆ? ಆಡಿಸ್ರೀ. ಆಗಾಗ ಎದ್ದು ಓಡಾಡ್ರೀ."

ಗೆದ್ದವನಂತೆ ಮಾವನ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಮೆಲ್ಲಗೆ ಪಂಚೆಯ ಅಂಚೆತ್ತಿ, "ಇದನ್ನೂ ವಸಿ ನೋಡಿ ಡಾಕ್ಟ್ರೇ" ಎಂದರು. ಅವರ ಕಾಲು ನನ್ನದಕ್ಕಿಂತ ಹೆಚ್ಚು ಊದಿತ್ತು. ನರಗಳು ಹಸಿರು ಬಳ್ಳಿಯಂತೆ ಹೆಣೆದುಕೊಂಡಿದ್ದವು.

"ಯಾವಾಗಿಂದ ಯಜಮಾನ್ರೇ?"

"ಗಾದಿ ಮೇಲೆ ಕೂತಾಗಿಂದ್ಲೂ ಐತೆ. ಯಜಮಾನ ಅಲ್ಲಾಡಿದ್ರೆ ಮಂಡಿ ಅಲ್ಲಾಡ್ತದೆ ಅಂತಿದ್ರು ನಮ್ಮಪ್ಪ."

ನನ್ನ ಗೆಲುವು ಅಲ್ಲೇ ಮುದುಡಿತು. ಇಷ್ಟು ವರ್ಷ ಆ ನೋವನ್ನು ಮಗಳಿಗೂ ತೋರಿಸಿರಲಿಲ್ಲ ಅವರು. ಡಾಕ್ಟರು ಮಾವನ ಕಾಲಿಗೆ ಬಿಗಿಯಾಗಿ ಸುತ್ತಲು ಪಟ್ಟಿ ಕೊಟ್ಟು, ಇಬ್ಬರೂ ದಿನಾ ನಡೆಯಬೇಕೆಂದು ತಾಕೀತು ಮಾಡಿದರು.

ಹಾಗೆ ಶುರುವಾಯಿತು ಮಾವ ಅಳಿಯನ ಸಂಜೆಯ ತಿರುಗಾಟ. ತೋಟಗಳ ನಡುವೆ ನಡೆದು, ಕೆರೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಒಂದು ಸಂಜೆ ಮಾವ ಪಟ್ಟಿ ಬಿಚ್ಚಿ ನೀರಿಗೆ ಕಾಲಿಳಿಬಿಟ್ಟರು. ತಮ್ಮ ಅಪ್ಪನ ವಿಷಯ ಹೇಳುತ್ತಿದ್ದಂತೆ ಅವರ ಪಾದಗಳು ತಾವಾಗಿ ಆಡತೊಡಗಿದವು. ನೀರೊಳಗಿನ ಕೆಂಪು ಆಕಾಶ ಉಂಗುರ ಉಂಗುರವಾಗಿ ಆಚೆ ದಡದತ್ತ ಹೊರಟಿತು.

ನಾನು ಬೇರೆಲ್ಲೋ ನೋಡುತ್ತ ಕೂತೆ. ಹೇಳಿದ್ದರೆ ನಿಲ್ಲಿಸಿಬಿಡುತ್ತಿದ್ದರು.